ಧನ್ಯರು ದಡ್ಡರಾದ ಬಗೆ

ಇಂಗ್ಲಿಷಿನಲ್ಲಿ ದಡ್ಡತನವನ್ನು ಹೇಳುವ ಮಾತುಗಳಿಗೆ ಬರವಿಲ್ಲ. ಫೂಲ್, ಸ್ಟುಪಿಡ್, ಈಡಿಯಟ್, ಡಂಬ್, ಡಾಫ್ಟ್ – ಒಂದೊಂದಕ್ಕೆ ಒಂದೊಂದು ಖಾರ. ಈ ಸಾಲಿನಲ್ಲಿ ಅತ್ಯಂತ ಮೆತ್ತಗಿನ ಪದ ‘ಸಿಲ್ಲಿ’. ಇಂಗ್ಲಿಷ್ ಅಷ್ಟಾಗಿ ಮಾತಾಡದವರೂ ಇದನ್ನು ನಮ್ಮ ಊರುಗಳಲ್ಲಿ ಕನ್ನಡ ಪದದಷ್ಟೇ ಸಲೀಸಾಗಿ ಬಳಸುತ್ತಾರೆ. ‘ಇಷ್ಟು ಸಿಲ್ಲಿ ವಿಷಯಕ್ಕೆಲ್ಲ ಜಗಳ ಯಾಕೆ?’ ಎಂದರೆ ಯಾರಿಗೂ ಬೈದ ಹಾಗಾಗುವುದಿಲ್ಲ. ಇಷ್ಟು ಹಗುರವಾಗಿ ಬಾಯಿಂದ ಬಾಯಿಗೆ ಹೋಗುವ ಈ ಪದಕ್ಕೆ ಸಾವಿರ ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ಆ ಚರಿತ್ರೆಯ ಮೊದಲ ತುದಿಯಲ್ಲಿ ನಮಗೆ ಸಿಗುವವನು ದೇವರ ಕೃಪೆಗೆ ಪಾತ್ರನಾದ ಧನ್ಯ. ಧನ್ಯನನ್ನೇ ದಡ್ಡ ಎಂದು ಕರೆಯುವ ಹಂತಕ್ಕೆ ಒಂದು ಜನ ಹೇಗೆ ಬಂದರು, ಬಂದ ಮೇಲೂ ಆ ಪದದಲ್ಲಿ ಹಳೆಯ ಮೃದುತ್ವ ಹೇಗೆ ಉಳಿಯಿತು ಎಂಬ ಪ್ರಶ್ನೆ ಬರಿಯ ಶಬ್ದಶಾಸ್ತ್ರದ್ದು ಎಂದು ನನಗೆ ಅನ್ನಿಸುವುದಿಲ್ಲ. ಒಳ್ಳೆಯವರನ್ನು ಲೋಕ ಹೇಗೆ ಕಾಣುತ್ತದೆ ಎಂಬುದು ಇಲ್ಲಿ ಪದದ ಮೈಮೇಲೆಯೇ ಬರೆದಿದೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮುಂಚಿನ ಇಂಗ್ಲಿಷಿನಲ್ಲಿ ‘ಸ್ಯಾಲ್’ ಎಂದರೆ ಸುಖ, ಸೌಭಾಗ್ಯ, ಒಳ್ಳೆಯ ಕಾಲ. ಅದರಿಂದ ಹುಟ್ಟಿದ ‘ಸ್ಯಾಲಿಗ್’ ಎಂದರೆ ಭಾಗ್ಯವಂತ. ‘ಉನ್‌ಸ್ಯಾಲಿಗ್’ ಎಂದರೆ ಅದೃಷ್ಟಹೀನ, ಕೇಡಿಗ. ಅಕ್ಕಪಕ್ಕದ ಭಾಷೆಗಳಲ್ಲಿ ಇದರ ಒಡಹುಟ್ಟುಗಳು ಇಂದಿಗೂ ಹಳೆಯ ಗೌರವದಲ್ಲೇ ಬಾಳುತ್ತಿವೆ. ಜರ್ಮನ್ ‘ಜೇಲಿಗ್’ ಎಂದರೆ ಪರಮಾನಂದದಲ್ಲಿರುವವನು, ಪುಣ್ಯಾತ್ಮ. ನಾವು ತೀರಿಕೊಂಡ ಹಿರಿಯರನ್ನು ‘ಕೈಲಾಸವಾಸಿ’ ಎನ್ನುವಂತೆ ಜರ್ಮನ್ನರೂ ಸ್ವೀಡನ್ನಿನವರೂ ತೀರಿಹೋದವರ ಹೆಸರಿನ ಜೊತೆ ಇದೇ ಪದವನ್ನು ಸೇರಿಸುತ್ತಿದ್ದರು. ಡಚ್ಚರು ರುಚಿಯಾದ ಊಟವನ್ನು ಹೊಗಳುವುದಕ್ಕೂ ಈ ಪದವನ್ನು ಬಳಸುತ್ತಾರೆ. ಇಷ್ಟು ದೊಡ್ಡ ಕುಟುಂಬದಲ್ಲಿ ಕೆಳಗೆ ಜಾರಿದ್ದು ಇಂಗ್ಲಿಷಿನ ಕವಲು ಒಂದೇ.

ಜಾರಿದ್ದು ಒಮ್ಮೆಲೇ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ. 13ನೆಯ ಶತಮಾನದ ಆರಂಭದಲ್ಲಿ ಪದದ ಅರ್ಥ ‘ದೈವಭಕ್ತ’, ‘ನಿಷ್ಪಾಪಿ’ ಎಂದಾಗಿತ್ತು. ನಿಷ್ಪಾಪಿಯನ್ನು ಲೋಕ ಸುಮ್ಮನೆ ಬಿಡುವುದಿಲ್ಲವಾದ್ದರಿಂದ ಅದೇ ಶತಮಾನ ಮುಗಿಯುವಷ್ಟರಲ್ಲಿ ಪದಕ್ಕೆ ‘ಪಾಪ, ಕನಿಕರಕ್ಕೆ ಪಾತ್ರ’ ಎಂಬ ಅರ್ಥ ಬಂತು. ಆಮೇಲೆ ‘ಬಲವಿಲ್ಲದ’, ‘ದುರ್ಬಲ’. ದುರ್ಬಲತೆ ಮೈಯದಾಗಿದ್ದುದು ಕ್ರಮೇಣ ಬುದ್ಧಿಯದೂ ಆಗಿ 16ನೆಯ ಶತಮಾನದ ಕೊನೆಯ ಹೊತ್ತಿಗೆ ‘ಬುದ್ಧಿ ಸಾಲದ’ ಎಂಬಲ್ಲಿಗೆ ಬಂದು ನಿಂತಿತು. ಈ ನಡುವೆ ಉಚ್ಚಾರಣೆಯೂ ‘ಸೀಲಿ’ಯಿಂದ ‘ಸಿಲ್ಲಿ’ಗೆ ಕುಗ್ಗಿತು. ಕನ್ನಡ ವ್ಯಾಕರಣದಲ್ಲಿ ‘ಹೀನಾರ್ಥಪ್ರಾಪ್ತಿ’ ಎಂದು ಕರೆಯುವ ಅರ್ಥಪಲ್ಲಟಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಈ ಇಳಿಜಾರಿನ ನಟ್ಟನಡುವೆ ನಿಂತಿರುವ ಕವಿ ಜೆಫ್ರಿ ಚಾಸರ್. 14ನೆಯ ಶತಮಾನದ ಕೊನೆಯಲ್ಲಿ ಬರೆದ ‘ಕ್ಯಾಂಟರ್ಬರಿ ಟೇಲ್ಸ್’ನಲ್ಲಿ ಗಿರಣಿಯವನು ಹೇಳುವ ಕಥೆಯೊಂದಿದೆ. ಜಾನ್ ಎಂಬ ಮುದುಕ ಬಡಗಿ, ಅವನ ಚಿಕ್ಕ ವಯಸ್ಸಿನ ಹೆಂಡತಿ, ಅವರ ಮನೆಯಲ್ಲಿ ಬಾಡಿಗೆಗಿದ್ದ ವಿದ್ಯಾರ್ಥಿ. ನೋಹನ ಕಾಲದ್ದನ್ನೂ ಮೀರಿಸುವ ಪ್ರಳಯ ಬರುತ್ತದೆ ಎಂದು ಆ ವಿದ್ಯಾರ್ಥಿ ಬಡಗಿಯನ್ನು ನಂಬಿಸುತ್ತಾನೆ. ಬಡಗಿ ಮೂರು ದೊಡ್ಡ ತೊಟ್ಟಿಗಳನ್ನು ಸೂರಿಗೆ ತೂಗುಹಾಕಿ ಒಂದರಲ್ಲಿ ಮಲಗುತ್ತಾನೆ. ಅವನು ನಿದ್ದೆಹೋದ ಮೇಲೆ ವಿದ್ಯಾರ್ಥಿಯೂ ಹೆಂಡತಿಯೂ ಕೆಳಗಿಳಿದು ಹೋಗುತ್ತಾರೆ. ಚಾಸರ್ ಈ ಬಡಗಿಯನ್ನು ಮತ್ತೆ ಮತ್ತೆ ‘ಸೇಲಿ’ ಎಂದು ಕರೆಯುತ್ತಾನೆ. ಆ ಪದ ಅಲ್ಲಿ ‘ಪಾಪದವನು’ ಎಂದೂ ‘ಮೋಸಹೋಗುವ ಪೆದ್ದ’ ಎಂದೂ ಒಟ್ಟಿಗೆ ಧ್ವನಿಸುತ್ತದೆ. ಪ್ರಳಯದ ಸುದ್ದಿ ಕೇಳಿದಾಗ ಬಡಗಿಯ ಬಾಯಿಂದ ಮೊದಲು ಹೊರಡುವುದು ಹೆಂಡತಿಯ ಗತಿ ಏನಾದೀತು ಎಂಬ ಮಾತು. ಧರ್ಮಗ್ರಂಥದ ಮೇಲೆ ನಂಬಿಕೆ, ಹೆಂಡತಿಯ ಮೇಲೆ ಪ್ರೀತಿ, ಓದಿದವನ ಮಾತಿನ ಮೇಲೆ ಗೌರವ ಇರುವುದರಿಂದಲೇ ಅವನು ಮೋಸಹೋಗುತ್ತಾನೆ. ಕಥೆಯ ಕೊನೆಗೆ ತೋಳು ಮುರಿದುಕೊಂಡು ಬಿದ್ದ ಅವನನ್ನು ನೋಡಿ ಊರೆಲ್ಲ ನಗುತ್ತದೆ. ಪದ ಯಾಕೆ ಬಿತ್ತು ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ವಿವರಣೆ ಬೇಕಾಗಿಲ್ಲ.

ನಮ್ಮ ಕೋಳೂರು ಕೊಡಗೂಸಿನ ಕಥೆಯನ್ನು ಇದರ ಪಕ್ಕ ಇಟ್ಟು ನೋಡಬೇಕು. ದೇವರಿಗೆ ಹಾಲಿನ ನೈವೇದ್ಯ ಕೊಡುವ ಕೆಲಸವನ್ನು ಮಗಳಿಗೆ ಒಪ್ಪಿಸಿ ತಂದೆ ಊರಿಗೆ ಹೋಗಿರುತ್ತಾನೆ. ಶಿವ ನಿಜವಾಗಿ ಹಾಲು ಕುಡಿಯುತ್ತಾನೆಂದೇ ಆ ಹುಡುಗಿ ನಂಬಿದವಳು. ಕುಡಿಯದಿದ್ದಾಗ ಅತ್ತು, ಕರೆದು, ಪ್ರಾಣ ಬಿಡುವುದಕ್ಕೂ ಸಿದ್ಧಳಾಗುತ್ತಾಳೆ. ಶಿವ ಪ್ರತ್ಯಕ್ಷನಾಗಿ ಕುಡಿಯುತ್ತಾನೆ. ಇದನ್ನು ನಮ್ಮ ಪರಂಪರೆ ‘ಮುಗ್ಧಭಕ್ತಿ’ ಎಂದು ಕರೆದು ತಲೆಯ ಮೇಲೆ ಹೊತ್ತುಕೊಂಡಿತು. ಬಡಗಿಯದೂ ಕೊಡಗೂಸಿನದೂ ಒಂದೇ ಬಗೆಯ ನಂಬಿಕೆ. ಒಬ್ಬನಿಗೆ ನಗೆ ಸಿಕ್ಕಿತು, ಇನ್ನೊಬ್ಬಳಿಗೆ ದೇವರು ಸಿಕ್ಕಿದ. ‘ಮುಗ್ಧ’ ಎಂಬ ಪದದ ಚರಿತ್ರೆಯೂ ಇಲ್ಲಿ ನೆನಪಿಗೆ ಬರಬೇಕು. ಸಂಸ್ಕೃತದಲ್ಲಿ ‘ಮುಹ್’ ಎಂದರೆ ಭ್ರಮೆಗೊಳಗಾಗು, ದಿಕ್ಕುತಪ್ಪು. ಆ ಒಂದೇ ಧಾತುವಿನಿಂದ ‘ಮೂಢ’ವೂ ಬಂತು, ‘ಮುಗ್ಧ’ವೂ ಬಂತು. ಎರಡೂ ಒಂದೇ ಬಗೆಯ ಕೃದಂತ ರೂಪಗಳು. ಮೂಢ ಅಲ್ಲೇ ಉಳಿದ. ಮುಗ್ಧ ಮಾತ್ರ ಮೇಲಕ್ಕೆ ಹತ್ತಿ, ಕಪಟವರಿಯದವನಾಗಿ, ಮಕ್ಕಳ ನಗೆಗೆ ಒಪ್ಪುವ ವಿಶೇಷಣವಾದ. ಸಿಲ್ಲಿ ಇಳಿದು ಬಂದ ಅದೇ ದಾರಿಯನ್ನು ಮುಗ್ಧ ಏರಿಹೋದ.

ಮತ್ತೆ ಇಂಗ್ಲೆಂಡಿಗೆ. ಶೇಕ್ಸ್‌ಪಿಯರನ ‘ಟು ಜೆಂಟಲ್‌ಮೆನ್ ಆಫ್ ವೆರೋನಾ’ ನಾಟಕದಲ್ಲಿ ಕಾಡಿನ ದರೋಡೆಕೋರರು ವ್ಯಾಲೆಂಟೈನನನ್ನು ತಮ್ಮ ನಾಯಕನಾಗು ಎಂದು ಕೇಳಿದಾಗ ಅವನು ಹಾಕುವ ಷರತ್ತು ಒಂದು: ‘ಸಿಲ್ಲಿ’ ಹೆಂಗಸರಿಗೂ ಬಡ ದಾರಿಹೋಕರಿಗೂ ತೊಂದರೆ ಕೊಡಕೂಡದು. ಅವನ ಮಾತಿನಲ್ಲಿ ಆ ಹೆಂಗಸರು ದಿಕ್ಕಿಲ್ಲದವರು, ರಕ್ಷಣೆ ಬೇಕಾದವರು. ಮಿಲ್ಟನ್ 1629ರಲ್ಲಿ ಕ್ರಿಸ್ತ ಜನನದ ಬಗ್ಗೆ ಬರೆದ ಕವಿತೆಯಲ್ಲಿ ಕುರುಬರ ಆಲೋಚನೆಗಳಿಗೆ ಇದೇ ವಿಶೇಷಣ ಹಚ್ಚುತ್ತಾನೆ; ಅಲ್ಲಿ ಅದು ಸರಳ, ಹಳ್ಳಿಗಾಡಿನ ಮನಸ್ಸು. 1785ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ ತನ್ನ ನೇಗಿಲಿಗೆ ಸಿಕ್ಕಿ ಗೂಡು ಕಳೆದುಕೊಂಡ ಹೊಲದ ಇಲಿಗೆ ಬರೆದ ಕವಿತೆಯಲ್ಲಿ ಆ ಗೂಡಿನ ಗೋಡೆಗಳೇ ‘ಸಿಲ್ಲಿ’: ಗಾಳಿಗೆ ಚೆದುರುವಷ್ಟು ನಿತ್ರಾಣವಾದವು. ಸ್ಕಾಟರ ಜನಪದದಲ್ಲಿ ಇನ್ನೂ ಹಳೆಯ ಅರ್ಥವೇ ಉಳಿದಿದೆ. ಒಳ್ಳೆಯ ಯಕ್ಷಿಣಿಯರ ಪರಿವಾರವನ್ನು ಅವರು ‘ಸೀಲಿ ಕೋರ್ಟ್’ ಎಂದೂ ಕೆಡುಕು ಮಾಡುವವರ ಪರಿವಾರವನ್ನು ‘ಅನ್‌ಸೀಲಿ ಕೋರ್ಟ್’ ಎಂದೂ ಕರೆದರು.

ಹೆಂಗಸರ ವಿಷಯದಲ್ಲಿ ಮಾತ್ರ ಈ ಪದ ಕನಿಕರದಿಂದ ಬೇಗನೆ ತಿರಸ್ಕಾರಕ್ಕೆ ಹೊರಳಿತು. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ, ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಮನೆಗಳಿಗೆ ನುಸುಳಿದ ಕಪಟಿಗಳ ಬಲೆಗೆ ಬೀಳುವ ಹೆಂಗಸರಿಗೆ ‘ಸಿಲ್ಲಿ’ ಎಂಬ ವಿಶೇಷಣ ಅಂಟಿಸಿದ್ದಾರೆ. ಗ್ರೀಕ್ ಮೂಲದಲ್ಲಿರುವುದು ‘ಹೆಂಗಸು’ ಎಂಬುದರ ಕಿರಿದುಗೊಳಿಸಿದ ರೂಪ, ತುಚ್ಛವಾಗಿ ಹೇಳುವ ಬಗೆ. ಮುಂದಿನ ಶತಮಾನಗಳಲ್ಲಿ ಓದುವ, ಬರೆಯುವ, ಅಭಿಪ್ರಾಯ ಹೇಳುವ ಹೆಂಗಸನ್ನು ಬಾಯಿ ಮುಚ್ಚಿಸಲು ಈ ಪದ ಸಾಕಾಗುತ್ತಿತ್ತು. ಬೈಗುಳದ ಗಟ್ಟಿತನ ಅದಕ್ಕಿಲ್ಲದ್ದರಿಂದ ಎದುರುತ್ತರ ಕೊಡುವುದೂ ಕಷ್ಟ. ಮೇರಿ ಆನ್ ಇವಾನ್ಸ್ – ಆಮೇಲೆ ಜಾರ್ಜ್ ಎಲಿಯಟ್ ಎಂಬ ಗಂಡಸಿನ ಹೆಸರಿನಲ್ಲಿ ಬರೆದ ಮಹಾ ಕಾದಂಬರಿಕಾರ್ತಿ – 1856ರ ಅಕ್ಟೋಬರಿನಲ್ಲಿ ‘ವೆಸ್ಟ್‌ಮಿನ್‌ಸ್ಟರ್ ರಿವ್ಯೂ’ ಪತ್ರಿಕೆಯಲ್ಲಿ ತನ್ನ ಕಾಲದ ಶ್ರೀಮಂತ ಮಹಿಳೆಯರ ಕಾದಂಬರಿಗಳನ್ನು ವಿಮರ್ಶಿಸುತ್ತ ಶೀರ್ಷಿಕೆಯಲ್ಲೇ ಈ ಪದವನ್ನಿಟ್ಟಳು. ಹೆಸರು ಹಾಕದೆ ಪ್ರಕಟವಾದ ಆ ಲೇಖನ ಕಠೋರವಾಗಿದೆ. ಆದರೆ ಅವಳ ತಕರಾರು ಈ ಪೊಳ್ಳು ಪುಸ್ತಕಗಳು ಹೆಂಗಸರ ಶಿಕ್ಷಣವನ್ನೇ ವಿರೋಧಿಸುವವರ ಕೈಗೆ ಅಸ್ತ್ರ ಕೊಡುತ್ತವೆ ಎಂಬುದು. ಪದ ಎಷ್ಟು ಹರಿತವಾಗಬಲ್ಲದು ಎಂದು ಅವಳಿಗೆ ಗೊತ್ತಿತ್ತು; ಅದನ್ನು ಅವಳು ಹೆಣ್ಣೆಂಬ ಕಾರಣಕ್ಕೆ ಬಳಸದೆ, ಕೆಟ್ಟ ಬರವಣಿಗೆಯ ಕಾರಣಕ್ಕೆ ಬಳಸಿದಳು. ಈ ವ್ಯತ್ಯಾಸ ಇಂದಿಗೂ ಎಲ್ಲರಿಗೂ ತಿಳಿದಿಲ್ಲ.

ಒಳ್ಳೆಯತನ ದಡ್ಡತನವಾಗಿ ಬಿದ್ದ ಪದ ಇದೊಂದೇ ಆಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ‘ಡಾಫ್ಟ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಸೌಮ್ಯ, ವಿನೀತ. ಫ್ರೆಂಚರ ‘ಬೆನೆ’ ಎಂದರೆ ಇಂದು ಪೆದ್ದ. ಮೂಲದಲ್ಲಿ ಅದು ಲ್ಯಾಟಿನ್ನಿನ ‘ಬೆನೆಡಿಕ್ಟಸ್’, ಆಶೀರ್ವಾದ ಪಡೆದವನು. ‘ಕ್ರೆಟಿನ್’ ಎಂಬ ಕಟುವಾದ ಬೈಗುಳ ಆಲ್ಪ್ಸ್ ಬೆಟ್ಟಸಾಲಿನ ಆಡುಮಾತಿನಲ್ಲಿ ‘ಕ್ರಿಶ್ಚಿಯನ್’ ಎಂಬುದರ ರೂಪಾಂತರ. ಅಯೋಡಿನ್ ಕೊರತೆಯಿಂದ ಥೈರಾಯ್ಡ್ ಕೆಟ್ಟು, ಮೈ ಮನಸ್ಸು ಬೆಳೆಯದ ಮಕ್ಕಳು ಆ ಕಣಿವೆಗಳಲ್ಲಿ ಹೆಚ್ಚಾಗಿ ಹುಟ್ಟುತ್ತಿದ್ದರು. ಅವರೂ ನಮ್ಮಂತೆಯೇ ದೇವರ ಮಕ್ಕಳು, ಮನುಷ್ಯರು ಎಂದು ನೆನಪಿಸಲು ಹಿಂದಿನವರು ಆ ಹೆಸರು ಕೊಟ್ಟಿದ್ದರು. ನೆನಪು ಮರೆತು ಬೈಗುಳ ಉಳಿಯಿತು. ಇನ್ನೂ ಹಿಂದಕ್ಕೆ ಹೋದರೆ ಗ್ರೀಕರ ‘ಎವೆಥೆಸ್’: ಒಳ್ಳೆಯ ಸ್ವಭಾವದವನು ಎಂಬುದೇ ಪದದ ರಚನೆ, ಬೆಪ್ಪ ಎಂಬುದು ಬಳಕೆ. ಕ್ರಿಸ್ತಪೂರ್ವ 427ರಲ್ಲಿ ಕೊರ್ಸೈರಾ ದ್ವೀಪದಲ್ಲಿ ನಡೆದ ಅಂತರ್ಯುದ್ಧವನ್ನು ವರ್ಣಿಸುತ್ತ ಇತಿಹಾಸಕಾರ ಥುಸಿಡೈಡಿಸ್, ಉದಾತ್ತತೆಯ ದೊಡ್ಡ ಪಾಲಾಗಿದ್ದ ಈ ಸರಳತೆಯನ್ನು ಜನ ನಕ್ಕು ಇಲ್ಲವಾಗಿಸಿದರು ಎಂದು ದುಃಖದಿಂದ ಬರೆಯುತ್ತಾನೆ. ಪರಸ್ಪರ ಅಪನಂಬಿಕೆ ಬೆಳೆದ ಸಮಾಜದಲ್ಲಿ ಮೊದಲು ಬೀಳುವುದು ನಂಬುವವರನ್ನು ಹೊಗಳುವ ಪದಗಳು ಎಂದು ಅವನಿಗೆ ಕಂಡಿತ್ತು.

ಈ ಸರಣಿಯಲ್ಲಿ ನಮಗೆ ಅತ್ಯಂತ ಹತ್ತಿರದ ಪದ ‘ದೇವಾನಾಂಪ್ರಿಯ’. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನಿಗೆ ಅಶೋಕನ ಬಂಡೆಗಲ್ಲಿನ ಶಾಸನ ಕಂಡಿತು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ರಾಜನನ್ನು ‘ದೇವರಿಗೆ ಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿಂದ ಮಾತ್ರ ಕರೆದಿತ್ತು. ಮಸ್ಕಿಯ ಶಾಸನ ಬಿರುದಿನ ಜೊತೆಗೆ ‘ಅಸೋಕ’ ಎಂಬ ಹೆಸರನ್ನೂ ಹೇಳಿತು. ಆ ಬಿರುದಿನ ಒಡೆಯ ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಮಾಡಿಕೊಂಡಿದ್ದ ಊಹೆ ಕನ್ನಡ ನೆಲದ ಈ ಬಂಡೆಯಿಂದ ಗಟ್ಟಿಯಾಯಿತು. ಸಿಂಹಳದ ರಾಜ ತಿಸ್ಸನೂ ಅದೇ ಬಿರುದು ಇಟ್ಟುಕೊಂಡಿದ್ದ. ಕ್ರಿಸ್ತಪೂರ್ವ 2ನೆಯ ಶತಮಾನದ ಪತಂಜಲಿ ‘ಮಹಾಭಾಷ್ಯ’ದಲ್ಲಿ ಇದನ್ನು ‘ದೀರ್ಘಾಯು’, ‘ಆಯುಷ್ಮಾನ್’ಗಳ ಸಾಲಿನಲ್ಲಿ ಗೌರವದ ಸಂಬೋಧನೆಯಾಗಿ ಇಡುತ್ತಾನೆ.

ಮುಂದೆ ಅದೇ ಪದ ಸಂಸ್ಕೃತದಲ್ಲಿ ಮೂರ್ಖನ ಹೆಸರಾಯಿತು. ಸಮಾಸದಲ್ಲಿ ಸಾಮಾನ್ಯವಾಗಿ ಮೊದಲ ಪದದ ವಿಭಕ್ತಿ ಪ್ರತ್ಯಯ ಲೋಪವಾಗುತ್ತದೆ. ಬೈಯುವ ಅರ್ಥವಿದ್ದರೆ ಷಷ್ಠಿ ಪ್ರತ್ಯಯ ಉಳಿಯುತ್ತದೆ ಎಂದು ಪಾಣಿನಿ ಸೂತ್ರ ಮಾಡಿದ್ದ. ‘ದೇವಪ್ರಿಯ’ ಆಗಬೇಕಾದ್ದು ‘ದೇವಾನಾಂಪ್ರಿಯ’ವಾಗಿಯೇ ಉಳಿಯುವುದನ್ನು ಆ ಸೂತ್ರದ ಕೆಳಗೆ ವಾರ್ತಿಕಕಾರ ಕಾತ್ಯಾಯನ ಸೇರಿಸಿದ. 17ನೆಯ ಶತಮಾನದ ಭಟ್ಟೋಜಿ ದೀಕ್ಷಿತರ ‘ಸಿದ್ಧಾಂತಕೌಮುದಿ’ಯ ಹೊತ್ತಿಗೆ ಅರ್ಥ ಬಿಡಿಸಿಯೇ ಹೇಳಿಯಾಗಿತ್ತು: ಮೂರ್ಖ ಎಂಬ ಅರ್ಥದಲ್ಲಿ. ಅವರಿಗಿಂತ ಎಷ್ಟೋ ಶತಮಾನ ಮುಂಚೆಯೇ ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಎದುರು ಪಕ್ಷದವನನ್ನು ಈ ಪದದಿಂದ ಕರೆದು ಚುಚ್ಚಿದ್ದಾರೆ.

ಬೌದ್ಧ ಧರ್ಮಕ್ಕೆ ಒಲಿದ ರಾಜನ ಮೇಲಿನ ವೈದಿಕರ ಸಿಟ್ಟು ಈ ಅರ್ಥಪತನಕ್ಕೆ ಕಾರಣ ಎಂದು ಹಲವರು ವಾದಿಸಿದ್ದಾರೆ. ಅದರಲ್ಲಿ ಸ್ವಲ್ಪ ಸತ್ಯವಿರಬಹುದು. ಆದರೆ ಸಿಲ್ಲಿಯ ಚರಿತ್ರೆ ಓದಿದ ಮೇಲೆ ನನಗೆ ಅಷ್ಟು ದೂರ ಹೋಗಬೇಕೆನ್ನಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಅಶೋಕನಿರಲಿಲ್ಲ, ಬೌದ್ಧರಿರಲಿಲ್ಲ, ಯಾರ ಮೇಲೂ ಮತದ್ವೇಷ ಬೇಕಾಗಲಿಲ್ಲ. ಆದರೂ ದೇವರಿಗೆ ಪ್ರಿಯನಾದವನು ಅಲ್ಲಿಯೂ ಪೆದ್ದನಾದ. ಬೆನೆಯೂ ಹಾಗೆಯೇ ಆದ. ತನ್ನನ್ನು ತಾನು ಕಾಪಾಡಿಕೊಳ್ಳಲು ಬಾರದವನನ್ನು ‘ಅವನನ್ನು ದೇವರೇ ಕಾಯಬೇಕು’ ಎನ್ನುವುದು ಹಲವು ಭಾಷೆಗಳಲ್ಲಿ ಇದೆ. ಆ ಮಾತು ಆಶೀರ್ವಾದವೂ ಹೌದು, ಕೈಬಿಟ್ಟ ಸೂಚನೆಯೂ ಹೌದು. ಪದ ಅಲ್ಲಿಂದ ಜಾರಲು ಒಂದು ತಲೆಮಾರಿನ ಕೊಂಕು ಸಾಕು.

ಏರಿದ ಪದಗಳೂ ಇಲ್ಲದಿಲ್ಲ. ಇಂದು ಎಲ್ಲರ ಬಾಯಲ್ಲೂ ಹೊಗಳಿಕೆಯಾಗಿರುವ ‘ನೈಸ್’ ಲ್ಯಾಟಿನ್ನಿನ ‘ಏನೂ ಅರಿಯದ’ ಎಂಬುದರಿಂದ ಬಂದದ್ದು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ‘ಪೆದ್ದ’. ಆಮೇಲೆ ಸಂಕೋಚದ, ನಾಜೂಕಿನ, ಸೂಕ್ಷ್ಮವಾದ ಎಂದು ಬದಲಾಗುತ್ತ 18ನೆಯ ಶತಮಾನದಲ್ಲಿ ‘ಹಿತವಾದ’ ಎಂದಾಯಿತು. ಜೇನ್ ಆಸ್ಟಿನ್ನಳ ‘ನಾರ್ಥ್ಯಾಂಗರ್ ಅಬಿ’ ಕಾದಂಬರಿಯಲ್ಲಿ ಎಲ್ಲದಕ್ಕೂ ‘ನೈಸ್’ ಎನ್ನುವ ಹುಡುಗಿಯನ್ನು ಹೆನ್ರಿ ಟಿಲ್ನಿ ರೇಗಿಸುವುದು ಈ ಬದಲಾವಣೆ ಇನ್ನೂ ಹಸಿಯಾಗಿದ್ದ ಕಾಲದಲ್ಲಿ. ಪ್ರೀತಿಯನ್ನು ಹೇಳುವ ‘ಫಾಂಡ್’ ಕೂಡ ಹಿಂದೆ ‘ಬುದ್ಧಿಗೆಟ್ಟ’ ಎಂದೇ ಇತ್ತು. ಪ್ರೀತಿಯಲ್ಲಿ ಬುದ್ಧಿ ಮಂಕಾಗುತ್ತದೆ ಎಂಬ ಅನುಭವ ಆ ಪದವನ್ನು ಎತ್ತಿತು.

ಸಿಲ್ಲಿ ಪೂರ್ತಿ ಏರಲಿಲ್ಲ, ಪೂರ್ತಿ ಬೀಳಲೂ ಇಲ್ಲ. ಇಂದಿನ ಇಂಗ್ಲಿಷಿನ ನಿತ್ಯದ ಮಾತಿನಲ್ಲಿ ಅದರ ಕೆಲಸ ಬಹುಪಾಲು ಸಮಾಧಾನ ಹೇಳುವುದು. ಊಟದ ಬಿಲ್ ಕೊಡಲು ಅತಿಥಿ ಕೈಹಾಕಿದಾಗ, ಸ್ನೇಹಿತೆ ಅನಗತ್ಯವಾಗಿ ಕ್ಷಮೆ ಕೇಳಿದಾಗ, ‘ಡೋಂಟ್ ಬಿ ಸಿಲ್ಲಿ’ ಎಂದರೆ ‘ಅಯ್ಯೋ, ಅದೆಲ್ಲ ಯಾಕೆ, ಬಿಡಿ’ ಎಂಬಷ್ಟೇ ಅರ್ಥ. ತಾಯಿ ಮಗುವಿಗೆ ಹೇಳುವ ‘ಸಿಲ್ಲಿ ಬಿಲ್ಲಿ’ಯಲ್ಲಿ ಮುದ್ದೇ ಹೆಚ್ಚು. 1830ರಲ್ಲಿ ಪಟ್ಟಕ್ಕೆ ಬಂದ ರಾಜ ನಾಲ್ಕನೆಯ ವಿಲಿಯಂನಿಗೂ ಜನ ಈ ಅಡ್ಡಹೆಸರು ಇಟ್ಟಿದ್ದರು. ಕ್ರಿಯಾಪದದ ಬಾಲಕ್ಕೆ ಕಟ್ಟಿದಾಗ ಪದ ಬೇರೆಯೇ ಆಗುತ್ತದೆ: ಹೆದರಿ ‘ಸಿಲ್ಲಿ’ಯಾಗುವುದು, ಬೇಸರದಲ್ಲಿ ‘ಸಿಲ್ಲಿ’ಯಾಗುವುದು, ಪೆಟ್ಟು ತಿಂದು ‘ಸಿಲ್ಲಿ’ಯಾಗುವುದು. ಅಲ್ಲೆಲ್ಲ ಅರ್ಥ ದಡ್ಡತನದ್ದಲ್ಲ. ಪ್ರಜ್ಞೆ ಮಸುಕಾಗುವಷ್ಟು, ತಲೆ ಗಿರ್ರೆನ್ನುವಷ್ಟು ಎಂದು. ಹಳೆಯ ‘ನಿತ್ರಾಣ’ದ ಅರ್ಥ ಈ ನುಡಿಗಟ್ಟುಗಳಲ್ಲಿ ಮರೆಯಾಗಿ ಬದುಕಿದೆ ಎಂದು ನನ್ನ ಎಣಿಕೆ.

ಪತ್ರಿಕೆಯವರ ‘ಸಿಲ್ಲಿ ಸೀಸನ್’ಗೆ ಹುಟ್ಟಿದ ವರ್ಷ ಗೊತ್ತಿದೆ. 1861ರಲ್ಲಿ ಲಂಡನ್ನಿನ ‘ಸ್ಯಾಟರ್ಡೇ ರಿವ್ಯೂ’ ಈ ಮಾತನ್ನು ಬಳಸಿತು. ಬೇಸಿಗೆಯ ಕೊನೆಗೆ ಸಂಸತ್ತು ಮುಚ್ಚಿ, ದೊಡ್ಡವರೆಲ್ಲ ಹಳ್ಳಿಯ ಬಂಗಲೆಗಳಿಗೆ ಹೋದಾಗ ಪತ್ರಿಕೆಯ ಪುಟ ತುಂಬಲು ಕ್ಷುಲ್ಲಕ ಸುದ್ದಿಗಳೇ ಗತಿಯಾಗುತ್ತಿದ್ದವು. ಜರ್ಮನ್ನರೂ ಡಚ್ಚರೂ ಇದೇ ಕಾಲವನ್ನು ಸೌತೆಕಾಯಿಯ ಹೆಸರಿನಿಂದ ಕರೆಯುತ್ತಾರೆ. ಆಸ್ಟ್ರೇಲಿಯಾದಲ್ಲಿ ಅದೇ ಮಾತು ಕ್ರಿಸ್‌ಮಸ್ ರಜೆಯ ಮೋಜಿನ ದಿನಗಳಿಗೆ ಅನ್ವಯಿಸುತ್ತದೆ. ಫಾರ್ಮುಲಾ ಒನ್ ಕಾರ್ ರೇಸಿನವರಿಗೆ ಅದು ಚಾಲಕರು ತಂಡ ಬದಲಿಸುವ ಗಾಳಿಸುದ್ದಿಗಳ ಕಾಲ.

ಕನ್ನಡ ಕಿವಿಗೆ ಈ ಪದವನ್ನು ಹೆಚ್ಚು ಪರಿಚಯಿಸಿದ್ದು ಕ್ರಿಕೆಟ್. ಸಿಲ್ಲಿ ಪಾಯಿಂಟ್, ಸಿಲ್ಲಿ ಮಿಡ್ ಆನ್, ಸಿಲ್ಲಿ ಮಿಡ್ ಆಫ್ – ರೇಡಿಯೊ ಕಾಮೆಂಟರಿಗೆ ಕಿವಿಗೊಟ್ಟು ಬೆಳೆದವರಿಗೆ ಇವು ಸ್ಥಳನಾಮಗಳಷ್ಟೇ ಪರಿಚಿತ. ಬ್ಯಾಟ್ಸ್‌ಮನ್ನನ ಮೂಗಿನ ಕೆಳಗೇ ನಿಂತು ಫೀಲ್ಡ್ ಮಾಡುವುದು ಬುದ್ಧಿಯುಳ್ಳವರ ಕೆಲಸವಲ್ಲ ಎಂಬ ಭಾವನೆಯಿಂದ ಈ ಹೆಸರು ಬಂತು. ಆದರೆ ಆ ಜಾಗದಲ್ಲಿ ನಿಲ್ಲಲು ಬೇಕಾದದ್ದು ಅಸಾಧಾರಣ ಧೈರ್ಯ, ಕಣ್ಣಿನ ಚುರುಕು, ಬೌಲರನ ಮೇಲೆ ಪೂರ್ಣ ನಂಬಿಕೆ. 1970ರ ದಶಕದ ಆರಂಭದಲ್ಲಿ ನಮ್ಮ ಪ್ರಸನ್ನ ಮತ್ತು ಚಂದ್ರಶೇಖರ್, ಜೊತೆಗೆ ಬೇಡಿ ಮತ್ತು ವೆಂಕಟರಾಘವನ್ ಬೌಲ್ ಮಾಡುವಾಗ ಏಕನಾಥ್ ಸೋಲ್ಕರ್ ಲೆಗ್ ಬದಿಯಲ್ಲಿ, ಸಿಲ್ಲಿ ಪಾಯಿಂಟಿಗೆ ಎದುರಾದ ಫಾರ್ವರ್ಡ್ ಶಾರ್ಟ್ ಲೆಗ್‌ನಲ್ಲಿ, ಹೆಲ್ಮೆಟ್ ಇಲ್ಲದೆ ಬಗ್ಗಿ ನಿಲ್ಲುತ್ತಿದ್ದರು. 27 ಟೆಸ್ಟ್‌ಗಳಲ್ಲಿ ಅವರು ಹಿಡಿದ ಕ್ಯಾಚುಗಳು 53. ಕರ್ನಾಟಕದ ಇಬ್ಬರು ಸ್ಪಿನ್ನರುಗಳ ಹಲವು ವಿಕೆಟುಗಳು ಆ ಕೈಗಳ ಋಣದಲ್ಲಿವೆ. ಓವಲ್ ಮೈದಾನದಲ್ಲಿ 1971ರಲ್ಲಿ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡನ್ನು ಕೆಡವಿದ ಇನಿಂಗ್ಸ್‌ನಲ್ಲಿ ವೆಂಕಟರಾಘವನ್ ಬೌಲಿಂಗಿನಲ್ಲಿ ಅಲನ್ ನಾಟ್‌ನ ಕ್ಯಾಚನ್ನು ಸೋಲ್ಕರ್ ಮೈಚೆಲ್ಲಿ ಹಿಡಿದದ್ದನ್ನು ಹಳಬರು ಇಂದಿಗೂ ವರ್ಣಿಸುತ್ತಾರೆ. ಆ ಅಪಾಯ ಎಷ್ಟು ನಿಜವೆಂದು 1998ರ ಫೆಬ್ರವರಿಯಲ್ಲಿ ಢಾಕಾದಲ್ಲಿ ಗೊತ್ತಾಯಿತು. ಫಾರ್ವರ್ಡ್ ಶಾರ್ಟ್ ಲೆಗ್‌ನಲ್ಲಿ ಹೆಲ್ಮೆಟ್ ಹಾಕದೆ ನಿಂತಿದ್ದ ಭಾರತದ ರಮಣ್ ಲಾಂಬಾ ತಲೆಗೆ ಚೆಂಡು ಬಡಿದು, ಮೂರು ದಿನಗಳ ನಂತರ ತೀರಿಕೊಂಡರು. ಆ ಜಾಗಗಳಲ್ಲಿ ನಿಂತವರ ಧೈರ್ಯಕ್ಕೆ ಕ್ರಿಕೆಟ್ ಭಾಷೆ ಕೊಟ್ಟ ಹೆಸರು ನ್ಯಾಯವಾದದ್ದಲ್ಲ.

ಇಂಗ್ಲಿಷರು ಅರ್ಥವಿಲ್ಲದ ಆಟವನ್ನು ಒಂದು ಕಲೆಯಾಗಿ ಬೆಳೆಸಿದ್ದನ್ನೂ ಇಲ್ಲಿ ಹೇಳಬೇಕು. 1846ರಲ್ಲಿ ಎಡ್ವರ್ಡ್ ಲಿಯರ್ ಮಕ್ಕಳಿಗೆ ಅಸಂಗತ ಪದ್ಯಗಳನ್ನು ಕೊಟ್ಟ. 1865ರಲ್ಲಿ ಲೂಯಿಸ್ ಕ್ಯಾರಲ್ ಆಲಿಸಳನ್ನು ಬಿಲದೊಳಗೆ ಇಳಿಸಿದ. 1970ರಲ್ಲಿ ಬಿಬಿಸಿಯ ಮಾಂಟಿ ಪೈಥಾನ್ ತಂಡದ ಜಾನ್ ಕ್ಲೀಸ್, ವಿಚಿತ್ರ ನಡಿಗೆಗಳಿಗೆ ಧನಸಹಾಯ ನೀಡುವ ಸರ್ಕಾರಿ ಇಲಾಖೆಯ ಅಧಿಕಾರಿಯಾಗಿ ಉದ್ದ ಕಾಲುಗಳನ್ನು ಎಸೆಯುತ್ತ ನಡೆದ. ಆ ಇಲಾಖೆಯ ಹೆಸರಿನಲ್ಲೇ ‘ಸಿಲ್ಲಿ’ ಇದೆ. ಅಮೆರಿಕದಲ್ಲಿ ವಾಲ್ಟ್ ಡಿಸ್ನಿ 1929ರಿಂದ 1939ರವರೆಗೆ ‘ಸಿಲ್ಲಿ ಸಿಂಫನಿ’ ಹೆಸರಿನಲ್ಲಿ 75 ಕಿರು ಕಾರ್ಟೂನ್ ಚಿತ್ರಗಳನ್ನು ಮಾಡಿದ. ಅವುಗಳಲ್ಲೊಂದಾದ ‘ಫ್ಲವರ್ಸ್ ಅಂಡ್ ಟ್ರೀಸ್’ಗೆ ಕಾರ್ಟೂನ್ ವಿಭಾಗದ ಮೊಟ್ಟಮೊದಲ ಆಸ್ಕರ್ ಬಂತು. ಯುದ್ಧಕಾಲದಲ್ಲಿ ಕೃತಕ ರಬ್ಬರಿಗಾಗಿ ನಡೆದ ಪ್ರಯೋಗದಲ್ಲಿ ಹುಟ್ಟಿ, ಯಾವ ಕೆಲಸಕ್ಕೂ ಬಾರದೆ, 1950ರಿಂದ ಆಟಿಕೆಯಾಗಿ ಮಾರಾಟವಾದ ಪುಟಿಯುವ ಮಣ್ಣು ‘ಸಿಲ್ಲಿ ಪಟ್ಟಿ’. ಇಲ್ಲೆಲ್ಲ ಪದ ತನ್ನ ಮೊದಲ ಅರ್ಥವಾದ ಸುಖದ ಕಡೆಗೆ ಸ್ವಲ್ಪ ವಾಲಿದೆ.

ಇದರ ಸಹೋದರ ಪದಗಳಿಗೆ ಆ ಭಾಗ್ಯ ಸಿಗಲಿಲ್ಲ. ‘ಈಡಿಯಟ್’ ಗ್ರೀಕರಲ್ಲಿ ಸಾರ್ವಜನಿಕ ಕೆಲಸದಲ್ಲಿಲ್ಲದ ಖಾಸಗಿ ಮನುಷ್ಯ. 20ನೆಯ ಶತಮಾನದ ಆರಂಭದಲ್ಲಿ ವೈದ್ಯರೂ ಕಾನೂನಿನವರೂ ಅದನ್ನು ಅಳತೆಗೋಲಿನ ಮೇಲೆ ಕೂರಿಸಿದರು. ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ನೆರವಾಗಲೆಂದು ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ರೂಪಿಸಿದ ಪರೀಕ್ಷೆಯನ್ನು ಅಮೆರಿಕದ ಹೆನ್ರಿ ಗೊಡಾರ್ಡ್ ಜನರನ್ನು ವಿಂಗಡಿಸಲು ಬಳಸಿದ. ಕೆಳಗಿನ ಮೆಟ್ಟಿಲು ‘ಈಡಿಯಟ್’, ನಡುವಿನದು ‘ಇಂಬೆಸೈಲ್’, ಮೇಲಿನದಕ್ಕೆ 1910ರಲ್ಲಿ ಅವನೇ ಗ್ರೀಕಿನಿಂದ ಕಟ್ಟಿದ ಪದ ‘ಮೊರಾನ್’. ಬ್ರಿಟನ್ನಿನ 1913ರ ಕಾಯಿದೆ ಇಂಥದೇ ವರ್ಗಗಳನ್ನು ಕಾನೂನಿಗೆ ತಂದಿತು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ವರ್ಜೀನಿಯಾದ ಕ್ಯಾರಿ ಬಕ್ ಎಂಬ ಯುವತಿಯ ಒಪ್ಪಿಗೆಯಿಲ್ಲದೆ ಸಂತಾನಹರಣ ಚಿಕಿತ್ಸೆ ಮಾಡಬಹುದೆಂದು ತೀರ್ಪಿತ್ತಿತು. ಅವಳು, ಅವಳ ತಾಯಿ, ಅವಳ ಮಗು ಮೂವರಿಗೂ ನ್ಯಾಯಮೂರ್ತಿ ಹೋಮ್ಸ್ ‘ಇಂಬೆಸೈಲ್’ ಎಂಬ ಮುದ್ರೆ ಒತ್ತಿದರು. ಅವಳ ಬುದ್ಧಿಯಲ್ಲಿ ಯಾವ ಕೊರತೆಯೂ ಇರಲಿಲ್ಲವೆಂದು ಆಮೇಲೆ ಬೆಳಕಿಗೆ ಬಂತು.

ನಮ್ಮ ದೇಶಕ್ಕೂ ‘ಈಡಿಯಟ್’ ಪದ ಕಾನೂನಿನ ಮೂಲಕ ಬಂದಿದೆ. 1912ರ ಭಾರತೀಯ ಲುನಸಿ ಕಾಯಿದೆ ‘ಲುನಾಟಿಕ್’ ಎಂದರೆ ‘ಈಡಿಯಟ್’ ಅಥವಾ ಬುದ್ಧಿ ಸ್ವಾಧೀನದಲ್ಲಿಲ್ಲದವನು ಎಂದು ವ್ಯಾಖ್ಯೆ ಕೊಟ್ಟಿತ್ತು. ಆ ಕಾಯಿದೆ ಹೋಗಲು 1987ರ ಮಾನಸಿಕ ಆರೋಗ್ಯ ಕಾಯಿದೆ ಬರಬೇಕಾಯಿತು. ಮೈಸೂರು ಸಂಸ್ಥಾನ ಹೆಸರಿನ ವಿಷಯದಲ್ಲಿ ಮೊದಲೇ ಎಚ್ಚೆತ್ತಿತ್ತು ಎನ್ನುವುದು ನನಗೆ ಹೆಮ್ಮೆಯ ಸಂಗತಿ. ಬೆಂಗಳೂರಿನ ‘ಲುನಾಟಿಕ್ ಅಸೈಲಂ’ 1925ರಲ್ಲೇ ‘ಮೆಂಟಲ್ ಹಾಸ್ಪಿಟಲ್’ ಆಯಿತು. ಅದೇ ಮುಂದೆ ನಿಮ್ಹಾನ್ಸ್ ಆಗಿ ಬೆಳೆದದ್ದು. ಸಿಲ್ಲಿ ಎಂಬ ಪದ ಯಾವ ಕಾಯಿದೆಯಲ್ಲೂ ವ್ಯಾಖ್ಯೆ ಪಡೆಯಲಿಲ್ಲ, ಯಾರ ಕೇಸ್ ಶೀಟಿನಲ್ಲೂ ರೋಗದ ಹೆಸರಾಗಲಿಲ್ಲ. ಅದರ ಮೃದುತ್ವ ಉಳಿದದ್ದಕ್ಕೆ ಇದೂ ಒಂದು ಮುಖ್ಯ ಕಾರಣ.

ಕನ್ನಡದ ಬಾಯಿಗೆ ಬಂದ ಮೇಲೆ ಪದ ಇನ್ನೊಂದು ಹೆಜ್ಜೆ ಇಟ್ಟಿದೆ. ನಾವು ಅದನ್ನು ಮನುಷ್ಯರಿಗಿಂತ ಸಂಗತಿಗಳಿಗೆ ಹೆಚ್ಚಾಗಿ ಹಚ್ಚುತ್ತೇವೆ: ಸಿಲ್ಲಿ ವಿಷಯ, ಸಿಲ್ಲಿ ಕಾರಣ, ಸಿಲ್ಲಿ ಪ್ರಶ್ನೆ. ‘ಕ್ಷುಲ್ಲಕ’ ಎಂಬುದು ಪುಸ್ತಕದ ಪದ, ‘ಚಿಲ್ಲರೆ’ ಸ್ವಲ್ಪ ಒರಟು. ನಡುವಿನ ಜಾಗವನ್ನು ಸಿಲ್ಲಿ ತುಂಬಿತು. ಮನುಷ್ಯರಿಗೆ ಹಚ್ಚಿದಾಗ ಅದರಲ್ಲಿ ಸಲಿಗೆ ಇರುತ್ತದೆ. ಈಟಿವಿ ಕನ್ನಡದಲ್ಲಿ ಮನೆಮಂದಿಯೆಲ್ಲ ಕೂತು ನೋಡುತ್ತಿದ್ದ ‘ಸಿಲ್ಲಿ ಲಲ್ಲಿ’ ಹಾಸ್ಯ ಧಾರಾವಾಹಿಯ ಹೆಸರು ಆ ಸಲಿಗೆಯ ಮೇಲೆಯೇ ನಿಂತಿತ್ತು. ಶಾಲೆಗಳಲ್ಲಿ ‘ಸಿಲ್ಲಿ ಮಿಸ್ಟೇಕ್’ ಎಂಬುದು ಬೇರೂರಿ ಹೋಗಿದೆ. ಲೆಕ್ಕದ ಪತ್ರಿಕೆಯಲ್ಲಿ ಕೂಡಿಸುವ ಗುರುತಿಗೆ ಬದಲು ಕಳೆಯುವ ಗುರುತು ಹಾಕಿ ಬಂದ ಮಗುವಿಗೆ ಮೇಷ್ಟ್ರು ಈ ಮಾತು ಹೇಳಿದರೆ ‘ನಿನಗೆ ಲೆಕ್ಕ ಬರುತ್ತದೆ, ಕೈ ತಪ್ಪಿದೆ’ ಎಂದು ಹೇಳಿದಂತೆ. ‘ದಡ್ಡ’ ಎಂದಿದ್ದರೆ ಆ ಮಾತು ಮಗುವಿನ ಮೇಲೆ ಬೀಳುತ್ತಿತ್ತು.

ಅದೇ ಮಗು ಮುಂದೆ ಪದವಿ ತರಗತಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಲು ಕೂತಾಗ ತೊಡಕು ಬರುತ್ತದೆ. ಇಂಗ್ಲಿಷ್–ಕನ್ನಡ ಕಿರು ನಿಘಂಟು ತೆರೆದರೆ ‘ದಡ್ಡ, ಮೂರ್ಖ’ ಎಂದು ಕಂಡು, ಮಿಲ್ಟನ್ನನ ಕುರುಬರು ಮೂರ್ಖರಾಗುತ್ತಾರೆ, ವ್ಯಾಲೆಂಟೈನ್ ಕಾಪಾಡಲು ಬಯಸಿದ ಹೆಂಗಸರು ದಡ್ಡಿಯರಾಗುತ್ತಾರೆ, ಬರ್ನ್ಸನ ಇಲಿಯ ಗೂಡಿನ ಗೋಡೆಗೆ ಅರ್ಥವೇ ಸಿಗುವುದಿಲ್ಲ. ನಮ್ಮ ಕಿರು ನಿಘಂಟುಗಳ ಮುಂದಿನ ಮುದ್ರಣಗಳಲ್ಲಿ ‘ಸಿಲ್ಲಿ’ಯ ಎದುರು ‘ಹಳೆಯ ಬಳಕೆಯಲ್ಲಿ: ಧನ್ಯ, ನಿಷ್ಕಪಟ, ಪಾಪದ, ನಿತ್ರಾಣ’ ಎಂಬ ಒಂದು ಸಾಲು ಸೇರಬೇಕು. ‘ಡಾಫ್ಟ್’, ‘ನೈಸ್’, ‘ಫಾಂಡ್’ ಪದಗಳಿಗೂ ಇಂಥ ಸಾಲು ಬೇಕು. ತರಗತಿಯಲ್ಲಿ ಚಾಸರನ ಬಡಗಿಯ ಕಥೆ ಹೇಳುವ ಅಧ್ಯಾಪಕರು ಅವನನ್ನು ‘ಮುಗ್ಧ’ ಎಂದು ಕರೆದು ಪಾಠ ಶುರುಮಾಡಿದರೆ, ಆ ಊರಿನವರು ಅವನನ್ನು ನೋಡಿ ಯಾಕೆ ನಕ್ಕರು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳೇ ಕೇಳುತ್ತಾರೆ.